ನಿಮ್ಮ ಕಥೆಯ 'ಆದರೆ' ಎಲ್ಲಿದೆ?

"ಕಥೆ ಹೇಳ್ಬೇಡ, ವಿಷಯಕ್ಕೆ ಬಾ."

ಈ ಮಾತು ಕೇಳದೆ ಬೆಳೆದ ಕನ್ನಡದ ಮಗು ಉಂಟೇ? ಮನೆಗೆ ತಡವಾಗಿ ಬಂದಾಗ ಅಮ್ಮನ ಬಾಯಲ್ಲಿ ಕೇಳಿದ್ದೀರಿ, ಹೋಂವರ್ಕ್ ತೋರಿಸದ ದಿನ ಮೇಷ್ಟ್ರ ಬಾಯಲ್ಲಿ ಕೇಳಿದ್ದೀರಿ, ಎರಡು ದಿನ ರಜೆ ಕೇಳಲು ಹೋದಾಗ ಸಾಹೇಬರ ಬಾಯಲ್ಲಿ ಕೇಳಿದ್ದೀರಿ. ನಮ್ಮ ಆಡುಮಾತಿನಲ್ಲಿ ಕಥೆ ಎಂದರೆ ಸುಳ್ಳಿನ ಅಡ್ಡಹೆಸರು. ಕಥೆ ಕಟ್ಟುವುದು, ಕಥೆ ಹೊಡೆಯುವುದು, ಕಾಗಕ್ಕ ಗುಬ್ಬಕ್ಕನ ಕಥೆ, ಅಡುಗೂಲಜ್ಜಿ ಕಥೆ: ಇದರಲ್ಲಿ ಒಂದಾದರೂ ಗೌರವದ ಮಾತಿದೆಯೇ ನೋಡಿ. ಇಷ್ಟು ಬೈಸಿಕೊಂಡ ಆ ಬಡಪಾಯಿಯ ಪರವಾಗಿ ವಕಾಲತ್ತು ವಹಿಸಿ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ. ಗೆಳೆಯರೇ, ಗೆಳತಿಯರೇ, ಬರೀ ವಿಷಯ ಹೇಳಿ ಹೇಳಿ ನಾವು ಸಾಕಷ್ಟು ಸೋತಿದ್ದೇವೆ. ಇನ್ನು ಕಥೆ ಹೇಳೋಣ.

ನಿಮ್ಮಲ್ಲಿ ವಿಷಯಕ್ಕೇನು ಬರವೇ? ಊರ ಕೆರೆಗೆ ಯಾವ ದಿಕ್ಕಿನಿಂದ ನೀರು ಬರುತ್ತಿತ್ತು, ಯಾವ ಲೇಔಟ್ ಎದ್ದ ಮೇಲೆ ಅದು ನಿಂತಿತು, ನಿಮಗೆ ಗೊತ್ತು. ಬೆಳಗಿನ ಬಸ್ಸು ಅರ್ಧ ಗಂಟೆ ಬೇಗ ಬಂದಿದ್ದರೆ ನಿಮ್ಮ ಓಣಿಯ ಯಾವ ಹುಡುಗಿ ಪಿಯುಸಿ ಬಿಡುತ್ತಿರಲಿಲ್ಲ, ನಿಮಗೆ ಗೊತ್ತು. ಅಪ್ಪನ ಸಾಲ ಎಲ್ಲಿ ಶುರುವಾಯಿತು, ಅಮ್ಮನ ಮಂಡಿ ಯಾಕೆ ನೋಯುತ್ತದೆ, ಕೆಲಸದ ಜಾಗದಲ್ಲಿ ಏನು ಎಲ್ಲಿ ಹಾಳಾಗುತ್ತಿದೆ, ಎಲ್ಲ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ, ಅಂಗೈಯಗಲದ ಪರದೆಯ ಮೇಲೆ ಇಡೀ ಲೋಕ ತೆರೆದುಕೊಂಡು ಕೂತಿದ್ದೂ, ಪದವಿಯ ಮೇಲೆ ಪದವಿ ಪೆಟ್ಟಿಗೆಯಲ್ಲಿದ್ದೂ, ರಾತ್ರಿಯೆಲ್ಲ ಹಾಸಿಗೆಯಲ್ಲಿ ಹೊರಳಾಡುತ್ತ ಮನಸ್ಸಿನಲ್ಲೇ ನೂರು ಸಲ ಆಡಿಕೊಂಡಿದ್ದೂ, ಬೆಳಗ್ಗೆ ನಾಲ್ಕು ಜನರ ಮುಂದೆ ಎದ್ದು ನಿಂತಾಗ ನಮ್ಮ ಮಾತು ಯಾಕೆ ಅವರ ಕಿವಿಯ ಬಾಗಿಲು ತಟ್ಟಿ ಹಾಗೇ ಹಿಂದಿರುಗುತ್ತದೆ? ಧೈರ್ಯ ಸಾಲದೆಂದೇ? ಇಂಗ್ಲಿಷ್ ಬಾರದೆಂದೇ? ನಾನು ಒಪ್ಪುವುದಿಲ್ಲ. ನಾವು ಪಟ್ಟಿ ಓದುತ್ತೇವೆ. ಪಟ್ಟಿಗೆ ಯಾರೂ ಕಿವಿಗೊಡುವುದಿಲ್ಲ.

ನಾನೂ ಓದಿದ್ದೇನೆ. ಆಗ ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಘಟ್ಟದ ಬುಡದ ನಮ್ಮೂರ ಗ್ರಾಮಸಭೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂಬತ್ತು ಬೇಡಿಕೆಗಳನ್ನು ಬಿಳಿ ಹಾಳೆಯಲ್ಲಿ ಮುತ್ತಿನಂತೆ ಬರೆದುಕೊಂಡು ಹೋಗಿದ್ದೆ. "ಮಾನ್ಯರೇ" ಎಂದು ಶುರುಮಾಡಿ ಒಂದರಿಂದ ಒಂಬತ್ತರವರೆಗೆ ಓದಿದೆ. ಬೀದಿದೀಪ, ಚರಂಡಿ, ವಾಚನಾಲಯ, ಹೀಗೆ. ಐದನೆಯದಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಎಲೆಯಡಿಕೆ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. "ಬರ್ಕಂಡಿದೀವಿ, ಕೂತ್ಕಳಿ" ಎಂದರು ಕಾರ್ಯದರ್ಶಿ. ಕೂತೆ.

ನನ್ನ ನಂತರ ಎದ್ದವರು ಒಬ್ಬ ಅಜ್ಜಿ. ಕೈಯಲ್ಲೊಂದು ಪ್ಲಾಸ್ಟಿಕ್ ಕೊಟ್ಟೆ. ಅದರಿಂದ ಒಂದು ಚಪ್ಪಲಿ ತೆಗೆದರು. ಮಗುವಿನದು, ನೀಲಿ ಪಟ್ಟಿಯದು, ಒಂದೇ ಕಾಲಿನದು. ನಿಧಾನವಾಗಿ ಮುಂದೆ ಬಂದು ಅದನ್ನು ಅಧ್ಯಕ್ಷರ ಮೇಜಿನ ಮೇಲೆ, ಹಾಜರಿ ಪುಸ್ತಕದ ಪಕ್ಕದಲ್ಲಿ ಇಟ್ಟರು.

"ನಂಗೆ ಭಾಷಣ ಬರೂದಿಲ್ಲ ಅಧ್ಯಕ್ಷರೇ. ನನ್ನ ಮೊಮ್ಮಗಳು ದಿನಾ ಕಾಲುಸಂಕ ದಾಟಿ ಶಾಲೆಗೆ ಹೋಗ್ತದೆ. ನಾನೇ ಕೈ ಹಿಡ್ದು ದಾಟಿಸೂದು. ಆದ್ರೆ ಮೊನ್ನೆ ಮಳೆಗೆ ಸಂಕದ ಒಂದು ಮರ ಜಾರ್ತು. ಮಗು ಉಳೀತು. ಇದರ ಜೋಡಿ ಹೊಳೆಗೆ ಹೋಯ್ತು. ಮುಂದಿನ ಮಳೆಗೆ ಏನು ಹೋಗ್ತದೋ ನಂಗೊತ್ತಿಲ್ಲ. ಅದಕ್ಕೇ ಬಂದೆ."

ಅಷ್ಟೇ. ಹೋಗಿ ಕೂತುಬಿಟ್ಟರು. ಎಲೆಯಡಿಕೆ ತಟ್ಟೆ ಯಾರ ಕೈಯಲ್ಲಿತ್ತೋ ಅವರ ಕೈಯಲ್ಲೇ ನಿಂತಿತು. ಕಿರುಸೇತುವೆಗೆ ಅವತ್ತೇ ಠರಾವು ಆಯಿತು. ನನ್ನ ಒಂಬತ್ತು ಬೇಡಿಕೆಗಳಲ್ಲಿ ಕಾಲುಸಂಕವೂ ಇತ್ತು. ಏಳನೆಯದು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಮಾನ ಒಂದು ಪಾಲು, ಬೆರಗು ಮೂರು ಪಾಲು. ಶಾಲೆಯ ಮೆಟ್ಟಿಲು ಹತ್ತಿದ್ದರೋ ಇಲ್ಲವೋ ಎಂಬ ಆ ಮುದುಕಿಯ ಮಾತನ್ನು ಗಡಿಯಾರದ ಹಿಂಬದಿ ಬಿಚ್ಚಿದ ಹಾಗೆ ಬಿಚ್ಚಿ ನೋಡಿದೆ. ಒಳಗೆ ಇದ್ದದ್ದು ಮೂರೇ ಕೀಲು. ಹೀಗಿತ್ತು. ಆದರೆ. ಅದಕ್ಕೇ. ಮೊಮ್ಮಗಳನ್ನು ದಿನಾ ದಾಟಿಸುತ್ತಿದ್ದೆ ಎಂಬಲ್ಲಿ ಲೋಕ ತನ್ನ ಪಾಡಿಗೆ ತಾನು ನಡೆಯುತ್ತಿದೆ. ಕೇಳುವವನೂ ಹೂಂ ಎನ್ನುತ್ತ ಅಜ್ಜಿಯ ಜೊತೆಗೇ ಸಂಕ ದಾಟುತ್ತಾನೆ. 'ಆದ್ರೆ' ಎಂದಾಕ್ಷಣ ಅವನ ಕಾಲ ಕೆಳಗಿನ ಮರವೂ ಜಾರುತ್ತದೆ. 'ಅದಕ್ಕೇ' ಎಂದಾಗ ಜಾರಿದವನು ಹಿಡಿಯಲು ಏನಾದರೂ ಸಿಕ್ಕೀತೇ ಎಂದು ಕೈ ಚಾಚಿರುತ್ತಾನೆ. ಆಗ ಅವನ ಕೈಗೆ ನೀವು ಏನು ಕೊಟ್ಟರೂ ಬಿಗಿಯಾಗಿ ಹಿಡಿಯುತ್ತಾನೆ.

ಬಹಳ ವರ್ಷ ಕಳೆದ ಮೇಲೆ ತಿಳಿಯಿತು, ಇದನ್ನೇ ಒಂದು ಸೂತ್ರವಾಗಿ ಕಲಿಸುವವರು ಹೊರದೇಶದಲ್ಲೂ ಇದ್ದಾರೆ ಎಂದು. ಅಮೆರಿಕದ ರ‍್ಯಾಂಡಿ ಓಲ್ಸನ್ ಕಡಲಜೀವಿಗಳ ಬಗ್ಗೆ ಪಾಠ ಮಾಡುತ್ತಿದ್ದ ಪ್ರಾಧ್ಯಾಪಕರು. ಆ ಕೆಲಸ ಬಿಟ್ಟು ಸಿನಿಮಾ ಕಲಿಯಲು ಹಾಲಿವುಡ್ಡಿನ ಕಡೆ ಹೋದವರು. ಅಷ್ಟೊಂದು ತಿಳಿದ ವಿಜ್ಞಾನಿಗಳು ಜನರಿಗೆ ಮುಟ್ಟಿಸುವಾಗ ಯಾಕೆ ಮುಗ್ಗರಿಸುತ್ತಾರೆ ಎಂಬ ಪ್ರಶ್ನೆಯ ಬೆನ್ನು ಹತ್ತಿ ಅವರು ಹಿಡಿದದ್ದು ಮೂರು ಪದ: ಆ್ಯಂಡ್, ಬಟ್, ದೇರ್‌ಫೋರ್. 2015ರಲ್ಲಿ ಅದರ ಮೇಲೊಂದು ಪುಸ್ತಕವನ್ನೇ ಬರೆದರು. ಸೋಲುವ ಮಾತುಗಾರ 'ಮತ್ತು, ಮತ್ತು, ಮತ್ತು' ಎನ್ನುತ್ತ ಹೋಗುತ್ತಾನೆ, ಅವನಿಗೆ 'ಆದರೆ' ಬರುವುದೇ ಇಲ್ಲ ಎಂಬುದು ಅವರ ದೂರು. ಓದಿ ನನಗೆ ನಗು ಬಂತು. ನನ್ನ ಒಂಬತ್ತು ಬೇಡಿಕೆ ಅವರಿಗೆ ಹೇಗೆ ಗೊತ್ತಾಯಿತು?

ಅವರ ಸೂತ್ರವನ್ನು ಕಡ ತರಬೇಕಾದ ಬಡತನ ನಮಗೇನೂ ಇಲ್ಲ. ನಮ್ಮ ಅಜ್ಜಿಯರ ಕಥೆಯಲ್ಲಿ 'ಮತ್ತು' ಎಂಬ ಪದವೇ ಇರುತ್ತಿರಲಿಲ್ಲ, ಗಮನಿಸಿದ್ದೀರಾ? ಬೆಳಗಾಗೆದ್ದು, ಬುತ್ತಿ ಕಟ್ಟಿಕೊಂಡು, ಕಾಡು ದಾಟಿ, ಹೊಳೆ ಹಾಯ್ದು, ಗುಡ್ಡ ಹತ್ತಿ ನೋಡಿದರೆ... ಹೀಗೆ ಒಂದು ಕೆಲಸದ ಬಾಲಕ್ಕೆ ಇನ್ನೊಂದನ್ನು ಕಟ್ಟಿಕೊಂಡು ಓಡುವುದು ಕನ್ನಡದ ಜಾಯಮಾನ. ಓಡಿ ಓಡಿ ಬಂದು ಗಕ್ಕನೆ ನಿಲ್ಲುವ ಜಾಗವೇ 'ಆದರೆ'. ಅಲ್ಲಿ ಅಜ್ಜಿ ಬೇಕೆಂದೇ ಒಂದು ಗುಕ್ಕು ನೀರು ಕುಡಿಯುತ್ತಿದ್ದಳು. ಇನ್ನೊಂದು ನಿಯಮವೂ ಇತ್ತು: ಕಥೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತಿತೆಂದರೆ ಮಗು ನಿದ್ದೆ ಹೋಯಿತೆಂದು ತಿಳಿದು ಅವಳೂ ಮಗ್ಗುಲಾಗುತ್ತಿದ್ದಳು. ನಾವೋ, ಎದುರಿಗಿದ್ದವರ ಹೂಂ ನಿಂತು ಅರ್ಧ ಗಂಟೆ ಕಳೆದರೂ ಸ್ಲೈಡಿನ ಮೇಲೆ ಸ್ಲೈಡು ತಿರುಗಿಸುತ್ತಲೇ ಇರುತ್ತೇವೆ. ಭರತನ ನಾಟ್ಯಶಾಸ್ತ್ರ ಮುಖದಿಂದ ನಿರ್ವಹಣದವರೆಗೆ ಐದು ಸಂಧಿಗಳನ್ನು ಹೇಳುತ್ತದೆ. ನಾಟಕ ಬರೆಯುವವರಿಗೆ ಐದು ಬೇಕು. ದಿನದ ಬದುಕಿಗೆ ಮೂರು ಸಾಕು.

ಕಥೆ ಮಕ್ಕಳಾಟ ಎನ್ನುವವರು ದುರ್ಗಸಿಂಹನನ್ನು ನೆನೆಯಲಿ. 11ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿ ಆತ ಸಂಧಿವಿಗ್ರಹಿ. ಯಾರೊಡನೆ ಯುದ್ಧ, ಯಾರೊಡನೆ ಒಪ್ಪಂದ ಎಂದು ನೋಡಿಕೊಳ್ಳುವ ಮಂತ್ರಿ. ಅಂಥವನು ಕೂತು ಕನ್ನಡದಲ್ಲಿ ಬರೆದದ್ದು ಏನು? ನರಿ, ಕೋತಿ, ಮೊಸಳೆಗಳು ಮಾತಾಡುವ ಪಂಚತಂತ್ರ. ಮನವೊಲಿಸುವುದೇ ಹೊಟ್ಟೆಪಾಡಾಗಿದ್ದವನಿಗೆ ಕಥೆಯ ಬೆಲೆ ಗೊತ್ತಿತ್ತು.

ಇನ್ನು ಹೇಳದ ಕಥೆ ಏನು ಮಾಡುತ್ತದೆ ಗೊತ್ತೇ? ಎ. ಕೆ. ರಾಮಾನುಜನ್ ಅವರ ಸಂಗ್ರಹದಲ್ಲೊಂದು ಕನ್ನಡ ಜನಪದ ಕಥೆಯಿದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಳು. ಉಸಿರುಗಟ್ಟಿದ ಅವು ಒಂದು ದಿನ ಅವಳು ಮಲಗಿದ್ದಾಗ ತೆರೆದ ಬಾಯಿಂದ ಹೊರಬಿದ್ದವು. ಕಥೆ ಒಂದು ಜೊತೆ ಜೋಡಾಗಿ ಬಾಗಿಲ ಹೊರಗೆ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಮನೆಗೆ ಬಂದ, ಕಂಡ, ಕೇಳಿದ. ಮುಂದಿನ ರಂಪ ನೀವೇ ಊಹಿಸಿಕೊಳ್ಳಿ. ಗಿರೀಶ ಕಾರ್ನಾಡರು 'ನಾಗಮಂಡಲ'ದಲ್ಲಿ ಇದೇ ಕಥೆಯ ಎಳೆ ಹಿಡಿದು ಅದರ ಹೊರಚೌಕಟ್ಟಿನಲ್ಲಿ ಒಬ್ಬ ನಾಟಕಕಾರನನ್ನು ತಂದು ನಿಲ್ಲಿಸಿದರು. ಅವನಿಗೆ ಸಾವಿನ ಶಾಪ, ತಪ್ಪೇನು? ಅವನ ನಾಟಕ ನೋಡುತ್ತ ಜನ ತೂಕಡಿಸಿದ್ದರು. ಕಾರ್ನಾಡರು ನಗುನಗುತ್ತಲೇ ನಮ್ಮೆಲ್ಲರ ಎದೆಗೆ ಗುರಿಯಿಟ್ಟಿದ್ದಾರೆ ಎಂದು ನನಗನ್ನಿಸುತ್ತದೆ. ಹೇಳಬೇಕಾದ್ದನ್ನು ಹೇಳದಿರುವುದು ಒಂದು ತಪ್ಪು, ಕೇಳುವವರು ನಿದ್ದೆ ಹೋಗುವಂತೆ ಹೇಳುವುದು ಇನ್ನೊಂದು. ನಮ್ಮ ಪೀಳಿಗೆ ಎರಡನ್ನೂ ಧಾರಾಳವಾಗಿ ಮಾಡಿತು. ನೀವು ಮಾಡಬೇಡಿ.

ಪಟ್ಟಿ ಓದಿ ಸೋತವನು ನಾನೊಬ್ಬನೇ ಎಂದುಕೊಂಡಿದ್ದೆ. ಆದರೆ 1930ರ ಜನವರಿಯಲ್ಲಿ ಗಾಂಧೀಜಿಯೂ ಒಂದು ಪಟ್ಟಿ ಮಾಡಿದ್ದರು. ಅದರಲ್ಲಿ ಹನ್ನೊಂದು ಬೇಡಿಕೆ. ಭೂಕಂದಾಯ ಅರ್ಧಕ್ಕಿಳಿಯಬೇಕು, ಸೇನೆಯ ಖರ್ಚು ತಗ್ಗಬೇಕು, ರೂಪಾಯಿ ವಿನಿಮಯದ ದರ ಬದಲಾಗಬೇಕು, ಹೀಗೆ ಸಾಗುವ ಆ ಪಟ್ಟಿಯಲ್ಲಿ ಉಪ್ಪಿನ ತೆರಿಗೆಯೂ ಒಂದು. ಸರ್ಕಾರ ಅಲುಗಲಿಲ್ಲ. ಪಟ್ಟಿಗೆ ಯಾವ ಸರ್ಕಾರ ಅಲುಗಿದೆ? ಆಗ ಆ ಮುದುಕ ಮಾಡಿದ್ದನ್ನು ನೋಡಿ. ಹನ್ನೊಂದರಲ್ಲಿ ಒಂದನ್ನು ಹೆಕ್ಕಿದರು. ಪ್ರತಿ ಮನೆಯ ಒಲೆಯ ಪಕ್ಕದ ಮರಿಗೆಯಲ್ಲಿರುವ, ಭಿಕ್ಷುಕನ ಗಂಜಿಗೂ ಬೇಕಾದ, ಕಡಲು ಪುಕ್ಕಟೆ ಕೊಡುವ ಒಂದು ಹಿಡಿ ಉಪ್ಪು. ನಮ್ಮ ಕಡಲು, ನಮ್ಮ ಬಿಸಿಲು, ನಮ್ಮ ಗಂಜಿ. ಆದರೆ ಉಪ್ಪು ಮಾಡಿದರೆ ಜೈಲು. ಅದಕ್ಕೇ ನಡೆಯುತ್ತೇನೆ ಎಂದರು. ಮಾರ್ಚ್ 12ಕ್ಕೆ ಸಾಬರಮತಿಯಿಂದ ಹೊರಟು ಏಪ್ರಿಲ್ 6ಕ್ಕೆ ದಂಡಿಯಲ್ಲಿ ಉಪ್ಪು ಎತ್ತುವವರೆಗೆ ಇಡೀ ದೇಶ ಮೂರು ವಾರಕ್ಕೂ ಮಿಕ್ಕಿ 'ಆಮೇಲೆ? ಆಮೇಲೆ?' ಎಂದು ಹೂಂಗುಟ್ಟಿತು. ರೈಲಿನಲ್ಲಿ ಹೋಗಿದ್ದರೆ ಒಂದೇ ದಿನದ ಸುದ್ದಿ. ನಡೆದದ್ದರಿಂದ ಕಥೆಯಾಯಿತು.

ಆ ನಡಿಗೆ ಹೊರಟಾಗ ಗಾಂಧೀಜಿಯ ಜೊತೆಗಿದ್ದ 78 ಜನರಲ್ಲಿ ಕರ್ನಾಟಕದ ಒಬ್ಬ ಹುಡುಗನಿದ್ದ. ಈಗಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ. ಆಗ ಅವನ ವಯಸ್ಸು 18. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನರದು ಅದೇ ವಯಸ್ಸು? ಆ ಹುಡುಗ 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ. ಅದೇ 1930ರ ಏಪ್ರಿಲ್‌ನಲ್ಲಿ ನಮ್ಮ ಅಂಕೋಲೆಯ ಕಡಲಂಚಿನಲ್ಲೂ ಜನ ಉಪ್ಪು ಮಾಡಿದರು. ಒಂದು ಹಿಡಿ ಉಪ್ಪಿನ ಕಥೆ ಗುಜರಾತಿನ ದಂಡೆಯಿಂದ ಉತ್ತರ ಕನ್ನಡದ ದಂಡೆಗೆ ಬರಲು ಎಷ್ಟು ದಿನ ಹಿಡಿಯಿತು? ಒಂದು ವಾರ.

ಅಷ್ಟು ಹಿಂದಕ್ಕೆ ಯಾಕೆ, ನಮ್ಮ ಕಣ್ಣೆದುರಿಗೇ ಹರೇಕಳ ಹಾಜಬ್ಬ ಇದ್ದಾರೆ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ಒಂದು ದಿನ ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ತುಳು, ಬ್ಯಾರಿ ಬಿಟ್ಟು ಬೇರೆ ಬಾರದ ಅವರಿಗೆ ಉತ್ತರಿಸಲಾಗಲಿಲ್ಲ. ಆ ನಾಚಿಕೆ ತನ್ನೂರ ಮಕ್ಕಳಿಗೆ ಬರಬಾರದೆಂದು ಹಣ್ಣು ಮಾರಿದ ದುಡ್ಡು ಕೂಡಿಟ್ಟು ಶಾಲೆ ತಂದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ರಾಷ್ಟ್ರಪತಿ ಭವನದ ಹಾಸಿನ ಮೇಲೆ ಬರಿಗಾಲಲ್ಲಿ ನಡೆದುಹೋಗಿ ಪಡೆದರು. 'ನಮ್ಮ ಭಾಗದಲ್ಲಿ ಶೈಕ್ಷಣಿಕ ಸೌಲಭ್ಯಗಳ ಕೊರತೆ ಇರುತ್ತದೆ' ಎಂಬ ಮನವಿಪತ್ರ ಎಷ್ಟು ಕಚೇರಿಗಳಲ್ಲಿ ಧೂಳು ತಿನ್ನುತ್ತಿಲ್ಲ? ಆದರೆ ಬೆಲೆ ಹೇಳಲಾಗದೆ ನಿಂತ ಆ ಹಣ್ಣಿನ ಬುಟ್ಟಿಯನ್ನು ಒಮ್ಮೆ ಕೇಳಿದವರು ಮರೆತದ್ದುಂಟೇ?

ಹಾಗಾದರೆ ನಿಮ್ಮ ಬುಟ್ಟಿ ಯಾವುದು? ನಿಮ್ಮ ಚಪ್ಪಲಿ ಯಾವುದು?

ಇಲ್ಲಿ ಕೆಲವರು ಗೊಣಗುತ್ತೀರಿ, ನನಗೆ ಕೇಳಿಸುತ್ತಿದೆ. ದಂಡಿ, ಪದ್ಮಶ್ರೀ ಎಲ್ಲ ದೊಡ್ಡವರ ಮಾತಾಯಿತು. ನಮ್ಮ ಕಷ್ಟ ಅಪ್ಪನನ್ನು ಒಪ್ಪಿಸುವುದು ಎಂದು. ಒಪ್ಪಿದೆ. ಅಪ್ಪನ ಮುಂದೆ ವೈಸರಾಯ್ ಏನೂ ಅಲ್ಲ. ಅದಕ್ಕೊಂದು ಪಾಠಶಾಲೆ ನಮ್ಮ ಕರಾವಳಿ, ಮಲೆನಾಡಿನಲ್ಲಿದೆ. ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಳೆಯ ಪೆಟ್ಟು, ಎದುರಾಬದುರು ಕೂತ ಅರ್ಥಧಾರಿಗಳು, ಅವರ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು ಬರೀ ಮಾತಿನಲ್ಲಿ ರಾತ್ರಿ ಬೆಳಗು ಮಾಡಿದ ಕಲೆ ಅದು. ಅಲ್ಲಿಯ ಗುಟ್ಟು ಏನೆಂದರೆ, ಇವತ್ತು ಸಂಧಾನಕ್ಕೆ ಬಂದ ಕೃಷ್ಣನ ಅರ್ಥ ಹೇಳಿದವರೇ ಇನ್ನೊಂದು ರಾತ್ರಿ ಕೌರವನಾಗಿ ಕೂರಬಹುದು. ಕೌರವನಿಗೂ ಒಂದು ಪೀಠಿಕೆಯಿದೆ, ಅವನಿಗೂ ಅವನದೇ ನೋವಿದೆ ಎಂದು ತಿಳಿದವನಷ್ಟೇ ಒಳ್ಳೆಯ ಕೃಷ್ಣನಾಗಬಲ್ಲ. ನಾವು ಅಪ್ಪನ ಎದುರು ನಮ್ಮ ಪೀಠಿಕೆಯನ್ನಷ್ಟೇ ಹಾಕುತ್ತೇವೆ. ಅಪ್ಪನ ಪೀಠಿಕೆ ಯಾರು ಹಾಕಬೇಕು?

ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಮಲೆನಾಡಿನ ಸಣ್ಣ ಅಡಿಕೆ ತೋಟದ ಮನೆ. ಮಗಳಿಗೆ ತೋಟಗಾರಿಕೆ ಬಿಎಸ್ಸಿ ಓದುವ ಆಸೆ. ಸೀಟು ಸಿಕ್ಕಿರುವುದು ರಾತ್ರಿ ಬಸ್ಸಿನ ದೂರದಲ್ಲಿ. ಒಂದು ತಿಂಗಳಿನಿಂದ ಹೇಳುತ್ತಿದ್ದಾಳೆ: ಹಾಸ್ಟೆಲ್ ಚೆನ್ನಾಗಿದೆ, ಸ್ಕಾಲರ್‌ಶಿಪ್ ಬರುತ್ತದೆ, ಪಕ್ಕದ ಮನೆಯ ಹುಡುಗಿಯೂ ಹೋಗಿದ್ದಾಳೆ, ಈಗಿನ ಕಾಲದಲ್ಲಿ ಯಾರು ಹೀಗೆ ಯೋಚಿಸುತ್ತಾರೆ. ಪ್ರತಿ ಮಾತಿಗೂ ಅಪ್ಪನ ಉತ್ತರ ಒಂದೇ: "ನೋಡಾಣ." ನೋಡಾಣ ಎಂದರೆ ಇಲ್ಲ ಎಂದರ್ಥ ಎಂಬುದು ನಮಗೆಲ್ಲ ಗೊತ್ತಲ್ಲ. ಒಂದು ಸಂಜೆ ಅಪ್ಪ ಜಗಲಿಯಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದಾನೆ. ಅವಳೂ ಇನ್ನೊಂದು ಮೆಟ್ಟುಗತ್ತಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾಳೆ.

"ಅಪ್ಪಯ್ಯ, ಎಲೆಚುಕ್ಕಿ ರೋಗ ಬಂದ ವರ್ಷ ನೀವು ಏನೇನು ಮಾಡಿದ್ರಿ ಅಂತ ನಾನು ನೋಡಿದೀನಿ. ಔಷಧಿ ಹೊಡೆಸಿದ್ರಿ, ಬಿದ್ದ ಸೋಗೆ ಎಲ್ಲ ಹೊರಗೆ ಸಾಗಿಸಿದ್ರಿ, ಬುಡ ಬಿಡಿಸಿ ಗೊಬ್ಬರ ಕೊಟ್ರಿ. ಆದ್ರೆ ಚುಕ್ಕಿ ನಿಲ್ಲಲಿಲ್ಲ. ಅವತ್ತು ಒಂದು ತುಂಡು ಸೋಗೆ ಚೀಲದಲ್ಲಿ ಹಾಕ್ಕೊಂಡು ನಾವಿಬ್ರೂ ಪೇಟೆಗೆ ಹೋದ್ವಲ್ಲ, ಒಂದು ಅಂಗಡಿಯವ್ರು ಒಂದು ಬಾಟ್ಲಿ ಕೊಟ್ರು, ಇನ್ನೊಂದು ಅಂಗಡಿಯವ್ರು ಅದು ಪ್ರಯೋಜನ ಇಲ್ಲ ಅಂತ ಬೇರೆ ಬಾಟ್ಲಿ ಕೊಟ್ರು. ಬರೋವಾಗ ಬಸ್ಸಲ್ಲಿ ನೀವು ಒಂದು ಮಾತೂ ಆಡ್ಲಿಲ್ಲ. ಎರಡೂ ಬಾಟ್ಲಿ ನನ್ನ ತೊಡೆ ಮೇಲಿತ್ತು. ಇದನ್ನ ಕಲಿತವರು ನಮ್ಮನೇಲೇ ಒಬ್ರು ಇರ್ಬೇಕು ಅಂತ ಅವತ್ತೇ ಅನ್ನಿಸ್ತು. ಅದಕ್ಕೇ ಕೇಳ್ತಿದೀನಿ."

ಅಪ್ಪ ತಲೆ ಎತ್ತುವುದಿಲ್ಲ. ಹತ್ತು ಹದಿನೈದು ಅಡಿಕೆ ಸುಲಿದಾಗುತ್ತದೆ. ಆಮೇಲೆ, "ಹಾಸ್ಟೆಲ್ಲಿಗೆ ಎಷ್ಟು ಕಟ್ಟಬೇಕಂತೆ?"

ಇದು 'ಹೂಂ' ಅಲ್ಲದೆ ಮತ್ತೇನು? ಹಾಸ್ಟೆಲ್, ಸ್ಕಾಲರ್‌ಶಿಪ್ಪಿನ ಮಾತು ಈಗ ಬರಬಹುದು, ಈಗ ಅದಕ್ಕೆ ಬೆಲೆಯಿದೆ. ಲೆಕ್ಕ ಬೇಡ ಎಂದು ನಾನು ಹೇಳುತ್ತಿಲ್ಲ. ಲೆಕ್ಕ 'ಆದರೆ'ಯ ನಂತರ ಬರಲಿ ಎನ್ನುತ್ತಿದ್ದೇನೆ. ಇನ್ನೊಂದನ್ನು ನೋಡಿ: ಆ ಹುಡುಗಿಯ ಕಥೆಯ ನಾಯಕ ಅವಳಲ್ಲ. ರೋಗದ ವಿರುದ್ಧ ಒಬ್ಬನೇ ಹೋರಾಡಿದವನು ಅಪ್ಪ. ತನ್ನನ್ನು ಸೋಲಿಸಲು ಬಂದ ಮಾತಿಗೆ ಯಾವ ಅಪ್ಪನೂ ಬಾಗಿಲು ತೆರೆಯುವುದಿಲ್ಲ. ತನ್ನ ಸೋಲನ್ನು ಕಂಡು, ಕಂಡರೂ ಆಡಿಕೊಳ್ಳದೆ, ಬಾಟಲಿ ಹಿಡಿದು ಪಕ್ಕದಲ್ಲಿ ಕೂತಿದ್ದವಳ ಮಾತಿಗೆ ತೆರೆಯುತ್ತಾನೆ.

ಸಂದರ್ಶನಕ್ಕೆ ಹೋಗುವವರಿಗೂ ಒಂದು ಮಾತು. "ನಿಮ್ಮ ಬಗ್ಗೆ ಹೇಳಿ" ಎಂದಾಗ ಹೆಸರು, ತಂದೆಯ ಹೆಸರು, ಎಸ್ಸೆಸ್ಸೆಲ್ಸಿ ಪರ್ಸೆಂಟೇಜ್, ಪಿಯುಸಿ ಪರ್ಸೆಂಟೇಜ್, ಹವ್ಯಾಸ ಪುಸ್ತಕ ಓದುವುದು ಎಂದು ಒಪ್ಪಿಸುತ್ತೀರಿ. (ಯಾವ ಪುಸ್ತಕ ಎಂದು ಕೇಳಿದರೆ ಮುಗಿಯಿತು.) ಅವೆಲ್ಲ ನಿಮ್ಮ ಅರ್ಜಿಯಲ್ಲೇ ಇವೆಯಲ್ಲ! ನೀವು ಊರ ಹಾಲಿನ ಡೇರಿಯಲ್ಲಿ ಬೆಳಗಿನ ಐದಕ್ಕೆ ಕ್ಯಾನು ಎತ್ತಿದವರಲ್ಲವೇ? ಹಾಲಿನ ವ್ಯಾನು ಬರುವ ಹೊತ್ತಿಗೆ ಸಾಲು ಕರಗದೆ ಜಗಳವಾಗುತ್ತಿತ್ತು, ನೀವು ಹಿಂದಿನ ರಾತ್ರಿಯೇ ಪಾಸ್‌ಪುಸ್ತಕ ಜೋಡಿಸಿಟ್ಟು ಸಾಲು ಕರಗಿಸಿದಿರಿ. ಅದನ್ನು ಹೇಳಲು ನಾಚಿಕೆಯೇಕೆ? ಬದುಕಿದ್ದೇ ಕಥೆ. ನಾವು ಬದುಕಿದ್ದನ್ನು ಮುಚ್ಚಿಟ್ಟು ಕಂಠಪಾಠ ಮಾಡಿದ್ದನ್ನು ಮುಂದಿಡುತ್ತೇವೆ. ಎಂಥ ವ್ಯಾಪಾರ ಇದು!

ಆದರೆ, ಹೌದು, ನನ್ನ ಲೇಖನಕ್ಕೂ ಒಂದು 'ಆದರೆ' ಬೇಕಲ್ಲ. ಈ ಮೂರು ಕೀಲು ಕಳ್ಳನ ಕೈಯಲ್ಲೂ ಅಷ್ಟೇ ಸಲೀಸಾಗಿ ತಿರುಗುತ್ತದೆ. ನಿಮ್ಮ ಮೊಬೈಲಿಗೆ ದಿನಾ ಬರುವ ಫಾರ್ವರ್ಡುಗಳನ್ನು ನೋಡಿ. 'ನಾವೆಲ್ಲ ಚೆನ್ನಾಗಿದ್ದೆವು. ಆದರೆ ಅವರು ಬಂದರು. ಅದಕ್ಕೇ...' ಅಲ್ಲಿಯೂ ಅದೇ ಅಚ್ಚು. ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪಿನ ಜಾಹೀರಾತಿನಲ್ಲೂ ಅದೇ ಅಚ್ಚು. ಜನರ ಎದೆ ತೆರೆಯುವ ಬೀಗದಕೈ ನಿಮ್ಮ ಕೈಗೆ ಬಂದಾಗ ಒಳಗೆ ಹೋಗಿ ದೀಪ ಹಚ್ಚುತ್ತೀರೋ, ಪಾತ್ರೆ ಪಡಗ ಹೊತ್ತೊಯ್ಯುತ್ತೀರೋ?

ನಮ್ಮ ಪುಣ್ಯಕೋಟಿಯನ್ನು ನೆನೆಯಿರಿ. ಕನ್ನಡದ ಮಕ್ಕಳೆಲ್ಲ ಮೊದಲು ಕಲಿಯುವ ಕಥೆಗಳಲ್ಲೊಂದು. ಹಸಿದ ಹುಲಿಯ ಎದುರು ನಿಂತ ಆ ಹಸು ವಾದ ಹೂಡಲಿಲ್ಲ, ಹಸುಗಳ ಹಕ್ಕಿನ ಭಾಷಣ ಮಾಡಲಿಲ್ಲ. ದೊಡ್ಡಿಯಲ್ಲಿ ಹಾಲಿಗೆ ಕಾದಿರುವ ಒಂದು ಕರುವಿನ ಮಾತು ಹೇಳಿತು. ಹುಲಿ ಬಿಟ್ಟಿತು. ಅಲ್ಲಿಗೆ ನಿಂತಿದ್ದರೆ ಅದು ಜಾಣ ಹಸುವಿನ ಕಥೆಯಾಗುತ್ತಿತ್ತು. ಪಂಚತಂತ್ರದಲ್ಲಿ ಅಂಥ ಜಾಣರು ಬೇಕಾದಷ್ಟಿದ್ದಾರೆ. ಪುಣ್ಯಕೋಟಿ ವಾಪಸು ಬಂತು. ಹೇಳಿದ ಕಥೆ ನಿಜವೆಂದು ತೋರಿಸಲು ತನ್ನ ಮೈಯನ್ನೇ ತಂದು ನಿಲ್ಲಿಸಿತು. ಹುಲಿಯನ್ನು ಬದಲಾಯಿಸಿದ್ದು ಹೋಗುವಾಗ ಆಡಿದ ಮಾತಲ್ಲ, ತಿರುಗಿ ಬಂದ ಹೆಜ್ಜೆ. ನೀವು ಹೇಳುವ ಪ್ರತಿ ಕಥೆಯ ಕೊನೆಗೂ ಒಬ್ಬ ಹುಲಿ ಕಾದಿರುತ್ತಾನೆ. ಸಾಲ ಕೊಟ್ಟ ಬ್ಯಾಂಕಿನವನಿರಬಹುದು, ಹಾಸ್ಟೆಲ್ಲಿಗೆ ಕಳಿಸಿದ ಅಪ್ಪನಿರಬಹುದು, ಓಟು ಹಾಕಿದ ಊರಿರಬಹುದು. ತಿರುಗಿ ಹೋಗುವ ಎದೆ ಇದ್ದರಷ್ಟೇ ಕಥೆ ಹೇಳಿ.

ಇದನ್ನೆಲ್ಲ ನಿಮಗೇ ಯಾಕೆ ಹೇಳುತ್ತಿದ್ದೇನೆ? ಈ ನಾಡಿನಲ್ಲಿ ಸುಮಾರು 6,000 ಗ್ರಾಮ ಪಂಚಾಯತಿಗಳಿವೆ. ಅಷ್ಟೂ ಕಡೆ ಗ್ರಾಮಸಭೆ ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಅಂದರೆ 18 ತುಂಬಿ ಹೆಸರು ಸೇರಿಸಿದ ನೀವು. ತುಂಬದ ತಮ್ಮ ತಂಗಿಯರಿಗೂ ಮಕ್ಕಳ ಗ್ರಾಮಸಭೆ ಇದೆ. ಆದರೆ ಅಲ್ಲಿ ಹೋಗಿ ನೋಡಿ: ಮುಂದಿನ ಸಾಲಿನಲ್ಲಿ ಗುತ್ತಿಗೆದಾರರು, ಹಿಂದಿನ ಸಾಲಿನಲ್ಲಿ ಎಲೆಯಡಿಕೆ, ನಡುವೆ ಖಾಲಿ ಕುರ್ಚಿ. ಆ ಖಾಲಿ ಕುರ್ಚಿ ನಿಮ್ಮದು. ಈ ನೆಲದ ನೀರು ಕುಡಿದಿದ್ದೇವೆ, ಇದರ ಬಸ್ಸಿನಲ್ಲಿ ಅರ್ಧ ಟಿಕೆಟ್ಟಿಗೆ ಓಡಾಡಿದ್ದೇವೆ, ಇದರ ಸರ್ಕಾರಿ ಶಾಲೆಯ ಬಿಸಿಯೂಟ ಉಂಡಿದ್ದೇವೆ, ಇದರ ಭಾಷೆಯಲ್ಲಿ ಮೊದಲ ಕಥೆಗೆ ಹೂಂಗುಟ್ಟಿದ್ದೇವೆ. ಈ ಋಣ ತೀರಿಸಲು ನಿಮಗೆ ಗದ್ದುಗೆ ಬೇಕಿಲ್ಲ, ಮೈಕು ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಬಾಯಿದೆ. ಸಾಕು.

ಹತ್ತು ಬೇಡಿಕೆ ಬರೆದುಕೊಂಡಿದ್ದರೆ ಒಂಬತ್ತನ್ನು ಹೊಡೆದುಹಾಕಿ. ಉಳಿದ ಒಂದರಲ್ಲಿ ಒಬ್ಬ ಮನುಷ್ಯನನ್ನು ಹುಡುಕಿ. ಅವನ ಅಥವಾ ಅವಳ ಬೆಳಗು ಹೇಗಿತ್ತು ಕೇಳಿ. ಎಲ್ಲಿ ಮರ ಜಾರಿತು ಕೇಳಿ. ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಸಿಗುತ್ತದೆ: ಒಡೆದ ಕೊಡ, ಹರಿದ ಬಸ್ ಪಾಸು, ತುಕ್ಕು ಹಿಡಿದ ನಲ್ಲಿ. ಅದನ್ನು ಜೊತೆಗೆ ಒಯ್ಯಿರಿ. ರಾತ್ರಿ ತಂಗಿಗೋ ಅಜ್ಜಿಗೋ ಒಮ್ಮೆ ಹೇಳಿ ನೋಡಿ. ಎಲ್ಲಿ ಹೂಂ ನಿಂತಿತೋ ಅಲ್ಲಿ ಕತ್ತರಿಸಿ. ಎರಡು ನಿಮಿಷಕ್ಕಿಂತ ಉದ್ದವಾಗಿದ್ದರೆ ಮತ್ತೆ ಕತ್ತರಿಸಿ.

ಮುಂದಿನ ಗ್ರಾಮಸಭೆಯ ನೋಟಿಸು ಇಷ್ಟರಲ್ಲೇ ಪಂಚಾಯತಿ ಗೋಡೆಗೆ ಬೀಳುತ್ತದೆ. ಹಾಲಿಗೋ ಪೇಪರಿಗೋ ಹೋಗುವಾಗ ನಿಂತು ಓದಿ, ತಾರೀಕು ಬರೆದುಕೊಳ್ಳಿ. ಆ ದಿನ ಹೋಗಿ. ಕಾರ್ಯದರ್ಶಿ "ಇನ್ನು ಯಾರಾದ್ರೂ ಮಾತಾಡೋರು ಇದೀರಾ?" ಎಂದು ಕೇಳಿ ಕಾಟಾಚಾರಕ್ಕೆ ಸುತ್ತ ಒಮ್ಮೆ ನೋಡುತ್ತಾರೆ. ಆಗ ಎದ್ದು ನಿಲ್ಲಿ.